ಮಾರ್ತಮ್ಮನಿಗೆ ಕಳಿಸಿದ ಮಡಿಲಕ್ಕಿ

ಹಂದನಕೆರೆ
31-1-1999

ಭಾನುಪ್ರಿಯಾ,

ನಿನ್ನ ಕೈ ಬಿದ್ದುಹೋಗಿದೆಯೇನೇ? ಸಂಕ್ರಾಂತಿಗೆ ಬಂದು, ಎಳ್ಳು ಬೀರಿ, ನಾನು ಕಟ್ಟಿಕೊಟ್ಟ ಅವರೆಕಾಳು ಹೊತ್ತುಕೊಂಡು ಬಸ್ ಹತ್ತಿದವಳು, ತಲುಪಿದೆ ಅಂತ ಒಂದು ಗೆರೆ ಗೀಚುವುದು ಬೇಡವೇ? ಪಾಂಡಿಚೇರಿಯ ಅಂಚೆ ಡಬ್ಬಗಳನ್ನೆಲ್ಲ ಸಮುದ್ರ ನುಂಗಿತೋ, ಇಲ್ಲ ನಿನ್ನ ಬುದ್ಧಿಯನ್ನು ನುಂಗಿತೋ? ಓದುತ್ತಾ ನಗಬೇಡ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಿನ್ನಪ್ಪ ದಯಾನಂದ ಫೋನ್ ಮಾಡೋಣ ಬಾ ಅಂತ ಎಸ್‌ಟಿಡಿ ಅಂಗಡಿಗೆ ಕರೆದ. ಆ ಡಬ್ಬದಲ್ಲಿ ಕೆಂಪು ಅಂಕಿ ಓಡುವುದನ್ನು ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ. ಮೂರನೇ ಕ್ಲಾಸಿನವರೆಗೆ ಮೇಷ್ಟರ ಹತ್ತಿರ ಕಿವಿ ಹಿಂಡಿಸಿಕೊಂಡು ಕಲಿತ ಅಕ್ಷರ ನನಗಿದೆ, ಅದು ಸಾಕು.

ಷರತ್ತು ನೆನಪಿದೆ ತಾನೆ? ಮೊದಲ ವರ್ಷದ ಎಲ್ಲ ಪೇಪರೂ ಪಾಸಾದರೆ ಎರಡನೇ ವರ್ಷ. ಒಂದು ಹೋದರೂ ತಿಪಟೂರಿಗೆ ವಾಪಸ್, ಬಿ.ಎಡ್. ಆವತ್ತು ಜಗುಲಿಯ ಮೇಲೆ ನಿನ್ನಪ್ಪ, "ಅವ್ವ, ಆ ಫ್ರೆಂಚು ಓದ್ಕಂಡು ಬಂದು ಇವಳು ಯಾರ ಜೊತೆ ಮಾತಾಡ್ತಾಳೆ? ತೆಂಗಿನ ಮರದ ಜೊತೇಲಾ?" ಅಂದ.

"ನಿನ್ನ ಜೊತೆ ಕನ್ನಡದಾಗೆ ಮಾತಾಡಿ ನಾವೇನ್ ಸುಖ ಕಂಡೀವ್ಲಾ?" ಅಂದೆ.

"ಫೇಲಾದ್ರೆ?"

"ಫೇಲಾದ್ರೆ ನಾನು ಎಲೆಅಡಿಕೆ ಬುಡ್ತೀನಿ, ಹೋಗ್ಲಾ!"

ಬೀದಿಯವರೆಲ್ಲ ಕೇಳಿಸಿಕೊಂಡರು. ಐವತ್ತು ವರ್ಷದಿಂದ ಕೆಂಪಗಿರುವ ಬಾಯಿ ಇದು. ಅದನ್ನು ಪಣಕ್ಕಿಟ್ಟಿದ್ದೇನೆ. ಮನಸ್ಸಿಟ್ಟು ಓದು.

ಇನ್ನೊಂದು. ಅಲ್ಲಿ ಯಾರ ಜೊತೆ ಉಣ್ಣುತ್ತೀಯ, ಯಾರ ಜೊತೆ ಮಾತಾಡುತ್ತೀಯ ಅಂತ ಹಬ್ಬದಲ್ಲಿ ಕೇಳಿದರೆ "ಇದ್ದಾರೆ" ಅಂದು ಹಿತ್ತಲಿಗೆ ಹೋದೆ. ಇದ್ದಾರೆ ಅಂದರೆ ಯಾರು? ಅವರಿಗೆ ಹೆಸರಿಲ್ಲವೇ?

ನಿನ್ನ ಅಜ್ಜಿ,
ಚಿಕ್ಕಗೌರಮ್ಮ


ಪಾಂಡಿಚೇರಿ
12-2-1999

ಅಜ್ಜಿಗೆ ನಮಸ್ಕಾರ.

ಸುಖವಾಗಿ ತಲುಪಿದೆ. ಬರೆಯದಿದ್ದದ್ದು ತಪ್ಪು. ಈ ಸಲ ಆಧುನಿಕ ಫ್ರೆಂಚ್ ಸಾಹಿತ್ಯ ಎಂಬ ಹೊಸ ಪೇಪರ್ ಶುರುವಾಗಿದೆ. ಹೋದ ಸಲ ಅಂಗಡಿಯಲ್ಲಿ ಬ್ರೆಡ್ ಕೇಳುವುದು, ರೈಲು ಟಿಕೆಟ್ ಕೇಳುವುದು, ಇಷ್ಟನ್ನು ಕಲಿತು ದಾಟಿದ್ದೆ. ಈಗ ಒಮ್ಮೆಗೇ ಇಡೀ ಕಾದಂಬರಿ ಕೈಗೆ ಕೊಟ್ಟಿದ್ದಾರೆ. ಮೇಡಂ ಕ್ಲಾಸಿನಲ್ಲಿ ಫ್ರೆಂಚ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಹೊರಗೆ ಎಲ್ಲರದೂ ತಮಿಳು.

ಯಾರ ಜೊತೆ ಉಣ್ಣುತ್ತೀಯ ಎಂದು ಕೇಳಿದೆಯಲ್ಲ, ಮಾರ್ತ್ ಜೊತೆ. ಊಟಕ್ಕೆ ಕೂತಾಗಲೂ ಅವಳು ಜೊತೆಗಿರುತ್ತಾಳೆ, ಸಂಜೆ ರೂಮಿನಲ್ಲೂ ನಾವಿಬ್ಬರೇ. ಮದುವೆಯಾಗಿ ಉಪ್ಪು ತೆಗೆಯುವ ಊರೊಂದಕ್ಕೆ ಬಂದಿದ್ದಾಳೆ. ಗಂಡ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಅತ್ತೆ ದಿನಾ ಎಲೆಕೋಸಿನ ಸಾರನ್ನೇ ಬಡಿಸುತ್ತಾಳೆ. ಅವಳು ಹೇಳುವುದು ನನಗೆ ಪೂರ್ತಿ ತಿಳಿಯುವುದಿಲ್ಲ, ನಾಲ್ಕು ಮಾತಿಗೊಮ್ಮೆ ಡಿಕ್ಷನರಿ ತೆಗೆಯುತ್ತೇನೆ. ಆದರೂ ಒಳ್ಳೆಯ ಜೊತೆ.

ನಿನ್ನ ಎಲೆಅಡಿಕೆಗೆ ಏನೂ ಆಗುವುದಿಲ್ಲ.

ನಿನ್ನ ಭಾನು


ಹಂದನಕೆರೆ
21-2-1999

ಭಾನು,

ಕಾಗದ ಬಂತು. ಹೋದ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯನ್ನು ಇಳಿಸಿದ್ದೇವೆ. ಹಜಾರದ ತುಂಬ ಹೆಂಗಸರು ಕೂತು ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯುತ್ತಿದ್ದಾರೆ. ಅವರಿಗೆ ನಿನ್ನ ಕಾಗದ ಓದಿ ಹೇಳಿದೆ. ನೀನು ಸುಖವಾಗಿದ್ದೀಯ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಮಾರ್ತಮ್ಮನದೇ ಚಿಂತೆ.

"ಬರೀ ಎಲೆಕೋಸಾ? ಒಗ್ಗರಣೆನಾದ್ರೂ ಹಾಕ್ತಾಳಾ ಆ ಮುದುಕಿ?" ಅಂತ ಭೂತಮ್ಮ.

"ಒಗ್ಗರಣೆ ಹಾಕಂಗಿದ್ರೆ ಆ ಮಗ ಯಾಕೆ ನಮ್ ಭಾನು ತಾವ ಬಂದು ಉಣ್ತಿತ್ತು?" ಅಂತ ಸಿದ್ದಗಂಗಮ್ಮ.

ನನಗೂ ಅದೇ ಅನುಮಾನ. ಅತ್ತೆಯ ಮನೆ ನಿಮ್ಮ ಹಾಸ್ಟೆಲಿನ ಪಕ್ಕದಲ್ಲೇ ಇದೆಯೇ? ಮದುವೆಯಾದವಳನ್ನು ಸಂಜೆಯೆಲ್ಲ ನಿನ್ನ ರೂಮಿನಲ್ಲಿ ಕೂರಲು ಹೇಗೆ ಬಿಡುತ್ತಾರೆ? ಕದ್ದು ಬರುತ್ತಾಳೆ ಅಂತ ಭೂತಮ್ಮನ ತೀರ್ಮಾನ. ಡಿಕ್ಷನರಿ ಹಿಡಿದು ಗೆಳತಿಯ ಜೊತೆ ಮಾತಾಡುವುದನ್ನು ನಾನು ಇದೇ ಮೊದಲು ಕೇಳಿದ್ದು. ಆದರೂ ಇರಲಿ. ನಿನಗೆ ಒಬ್ಬಳಾದರೂ ಇದ್ದಾಳಲ್ಲ ಅಂತ ನನ್ನ ಹೊಟ್ಟೆ ತಣ್ಣಗಾಯಿತು.

ಅವಳಿಗೆ ತೌರು ಇದೆಯೇ, ಅಲ್ಲಿಂದ ಯಾರಾದರೂ ಬಂದು ಹೋಗುತ್ತಾರೆಯೇ, ಗಂಡ ಕುಡಿಯುತ್ತಾನೆಯೇ, ಇದನ್ನೆಲ್ಲ ಬರೆ. ಹೆಂಗಸರು ನನ್ನ ತಲೆ ತಿನ್ನುತ್ತಿದ್ದಾರೆ.

ನಿನ್ನ ಅಜ್ಜಿ


ಪಾಂಡಿಚೇರಿ
4-3-1999

ಅಜ್ಜಿಗೆ ನಮಸ್ಕಾರ.

ನಿನ್ನ ಕಾಗದ ಓದಿ ತುಂಬಾ ನಕ್ಕೆ. ಹೆಂಗಸರು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ. ಒಗ್ಗರಣೆ ಇಲ್ಲ. ತೌರು ಇದೆ, ದೂರದ ಬೆಟ್ಟದ ಊರು. ಅಲ್ಲಿಂದ ಯಾರೂ ಬಂದಿಲ್ಲ. ಗಂಡ ಕುಡಿಯುತ್ತಾನೋ ಇಲ್ಲವೋ, ಇನ್ನೂ ಅಲ್ಲಿಯವರೆಗೆ ಬಂದಿಲ್ಲ.

ಮೊನ್ನೆ ಗೊತ್ತಾಯಿತು, ಮಾರ್ತ್ ಬಸುರಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಧ್ಯಾಹ್ನವಿಡೀ ಕಿಟಕಿಯಲ್ಲಿ ನಿಂತು ದಾರಿ ನೋಡುತ್ತಾಳೆ. ಯಾಕೆ ನೋಡುತ್ತಾಳೆ ಎಂದು ನಮ್ಮ ಮೇಡಂ ಕ್ಲಾಸಿನಲ್ಲೇ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಒಬ್ಬೊಬ್ಬರೂ ಕ್ಲಾಸಿನ ಮುಂದೆ ನಿಂತು ಕಾದಂಬರಿಯ ಬಗ್ಗೆ ಫ್ರೆಂಚಿನಲ್ಲಿ ಮಾತಾಡಬೇಕು. ಈ ಪೇಪರಿನ ಅರ್ಧ ಅಂಕ ಅದಕ್ಕೇ. ಒಂದು ಟೆಸ್ಟ್ ಆಯಿತು. ಪರವಾಗಿಲ್ಲ. ಅಪ್ಪ ಕೇಳಿದರೆ ಹಾಗೇ ಹೇಳು.

ನಿನ್ನ ಭಾನು


ಹಂದನಕೆರೆ
10-3-1999

ಭಾನು,

ನಿಮ್ಮ ಮೇಡಮ್ಮಿಗೆ ನಾಚಿಕೆಯಿಲ್ಲವೇ? ಬಸುರಿ ಹೆಂಗಸಿನ ಮನೆ ಸುದ್ದಿಯನ್ನು ಕ್ಲಾಸಿನಲ್ಲಿ ಎತ್ತಿ ಆಡಿಕೊಳ್ಳುತ್ತಾರಲ್ಲ! ದಾರಿ ಯಾಕೆ ನೋಡುತ್ತಾಳಂತೆ. ತೌರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಲಿ ಅಂತ ನೋಡುತ್ತಾಳೆ. ಕರೆಯದೆ ಹೋಗುವ ಹಾಗಿಲ್ಲ, ಕರೆಯುವವರು ಬರುತ್ತಿಲ್ಲ. ಇಷ್ಟು ತಿಳಿಯಲು ಕಾಲೇಜು ಬೇಕೇ?

ಸುದ್ದಿ ಕೇಳಿ ಹಜಾರದಲ್ಲಿ ಚಿಪ್ಪಿನ ಸದ್ದೇ ನಿಂತುಹೋಯಿತು. ಬಸುರಿಗೆ ಎಲೆಕೋಸಿನ ನೀರು ಕುಡಿಸುವ ಆ ಅತ್ತೆಗೆ ಭೂತಮ್ಮ ಬೈದದ್ದನ್ನು ಇಲ್ಲಿ ಬರೆದರೆ ಅಂಚೆಯವರು ಕಾಗದ ವಾಪಸ್ ಕೊಟ್ಟಾರು.

ತೌರಿನವರು ಬರದಿದ್ದರೆ ನಾವೇ ತೌರು ಅಂತ ತೀರ್ಮಾನ ಮಾಡಿದೆವು. ಯುಗಾದಿಗೆ ಮುಂಚೆ ತಲುಪಲಿ ಅಂತ ಇವತ್ತೇ ಪಾರ್ಸೆಲ್ ಮಾಡಿಸಿದ್ದೇನೆ. ಅಕ್ಕಿ, ಬೆಲ್ಲದ ಅಚ್ಚು, ನಮ್ಮ ಅಟ್ಟದ್ದೇ ಕೊಬ್ಬರಿ ಗಿಟುಕು, ಅರಿಶಿನ ಕುಂಕುಮ, ರವಿಕೆ ಕಣ. ತಂಬಿಟ್ಟು ನಾನು ಕಟ್ಟಿದ್ದು. ನಿಪ್ಪಟ್ಟು ಸಿದ್ದಗಂಗಮ್ಮನದು, ಸ್ವಲ್ಪ ಖಾರ ಮುಂದಾಗಿದೆ. ಕೊಬ್ಬರಿ ಮಿಠಾಯಿ ಭೂತಮ್ಮನದು. ಹಸಿರು ಬಳೆಯನ್ನು ತೆಂಗಿನ ನಾರಿನೊಳಗೆ ಹುದುಗಿಸಿದ್ದೇನೆ, ಬಿಚ್ಚುವಾಗ ಜೋಪಾನ. ಅವಳ ಕೈ ಅಳತೆ ಗೊತ್ತಿಲ್ಲ, ನಿನ್ನ ಅಳತೆಗೇ ತಂದೆ.

ಅವಳನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂರಿಸು. ಅರಿಶಿನ ಕುಂಕುಮ ಕೊಟ್ಟು, ಸೆರಗೊಡ್ಡಿಸಿ ಮಡಿಲಕ್ಕಿ ತುಂಬು. ಸೀರೆ ಉಡದವಳಾದರೆ ಟವಲನ್ನಾದರೂ ಒಡ್ಡಲಿ. ಅವರ ದೇವರು ಬೇರೆ ಇರಬಹುದು, ಬಸುರಿ ಬಯಕೆಗೆ ಯಾವ ದೇವರೂ ಅಡ್ಡ ಬರುವುದಿಲ್ಲ. ತಿಂಡಿ ಪೂರ್ತಿ ಅವಳದು. ನಿನಗೆ ಒಂದು ನಿಪ್ಪಟ್ಟು, ಅಷ್ಟೆ. ಡಬ್ಬ ಬಿಚ್ಚಿದಾಗ ಅವಳ ಮುಖ ಹೇಗಾಯಿತು ಅಂತ ಬಿಡದೆ ಬರೆಯಬೇಕು.

ನಿನ್ನ ಅಜ್ಜಿ


ಹಂದನಕೆರೆ
4-4-1999

ಭಾನು,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚೆಯವನೂ ಓದಿ ನಿನಗೆ ಬೈಯಲಿ ಅಂತ. ಯುಗಾದಿ ಕಳೆದು ಎಷ್ಟು ದಿನವಾಯಿತು? ಪಾರ್ಸೆಲ್ ಬಂತೋ ಇಲ್ಲವೋ? ಮಾರ್ತಮ್ಮನಿಗೆ ಏನಾದರೂ ಹೆಚ್ಚುಕಡಿಮೆ ಆಯಿತೇ? ಕೆಟ್ಟ ಸುದ್ದಿಯಾದರೂ ಹೇಳಿಬಿಡು. ಸಿದ್ದಗಂಗಮ್ಮ ತನ್ನ ನಿಪ್ಪಟ್ಟಿನ ಖಾರದಿಂದಲೇ ಏನೋ ಆಗಿದೆ ಅಂತ ಸೊರಗಿ ಕೂತಿದ್ದಾಳೆ.

ಚಿ. ಗೌ.


ಪಾಂಡಿಚೇರಿ
11-4-1999

ಅಜ್ಜಿ,

ನಿಪ್ಪಟ್ಟು ತುಂಬ ಚೆನ್ನಾಗಿತ್ತು ಎಂದು ಮೊದಲು ಸಿದ್ದಗಂಗಮ್ಮನಿಗೆ ಹೇಳು. ಅದರಿಂದ ಯಾರಿಗೂ ಏನೂ ಆಗಿಲ್ಲ. ಅದನ್ನು ತಿಂದವಳು ನಾನು. ತಂಬಿಟ್ಟನ್ನೂ ನಾನೇ ತಿಂದೆ. ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕೂತು ತಿಂದೆ.

ಮಾರ್ತ್ ಎಂಬವಳು ಇಲ್ಲ ಅಜ್ಜಿ. ಅವಳು ನಮ್ಮ ಪಾಠದ ಕಾದಂಬರಿಯಲ್ಲಿ ಬರುವ ಹೆಂಗಸು. ಊಟಕ್ಕೆ ಜೊತೆಗಿರುತ್ತಾಳೆ ಎಂದರೆ ತಟ್ಟೆಯ ಪಕ್ಕ ಪುಸ್ತಕ ತೆರೆದಿಟ್ಟುಕೊಂಡಿರುತ್ತೇನೆ ಎಂದು. ನೀನು ಹೆಸರು ಕೇಳಿದೆ, ನನ್ನ ಹತ್ತಿರ ಬೇರೆ ಹೆಸರು ಇರಲಿಲ್ಲ, ತಮಾಷೆಯ ಹಾಗೆ ಬರೆದೆ. ನೀವೆಲ್ಲ ನಂಬಿದ್ದು ತಿಳಿದಾಗಲೇ ಹೇಳಬೇಕಿತ್ತು. ನಿನ್ನ ಹೊಟ್ಟೆ ತಣ್ಣಗಾಯಿತು ಎಂದಿದ್ದೆಯಲ್ಲ, ಅದಕ್ಕೆ ಹೇಳಲಾಗಲಿಲ್ಲ. ಪಾರ್ಸೆಲ್ ಬಂದ ಮೇಲಂತೂ ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ.

ಟೆಸ್ಟ್ ಪರವಾಗಿಲ್ಲ ಎಂದು ಬರೆದದ್ದೂ ಸುಳ್ಳು. ಫೇಲಾಗಿದ್ದೇನೆ. ಈ ತಿಂಗಳು 28ಕ್ಕೆ ಕ್ಲಾಸಿನ ಮುಂದೆ ಮಾತಾಡಬೇಕು. ಅದೂ ಹೋದರೆ ಪೇಪರ್ ಹೋದಂತೆಯೇ. ಇಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿ ತೆರೆದಿಲ್ಲ ನಾನು. ಮಿಕ್ಕವರು ಇಂಗ್ಲಿಷ್ ಶಾಲೆಯವರು, ಫಟಫಟ ಮಾತಾಡುತ್ತಾರೆ. ಬ್ಯಾಗ್ ಕಟ್ಟಿಟ್ಟಿದ್ದೇನೆ. ಅಪ್ಪನನ್ನು ಕಳಿಸು ಅಜ್ಜಿ. ಒಬ್ಬಳೇ ಬಂದರೆ ಊರಿನಲ್ಲಿ ಇಳಿಯಲು ಮುಖವಿಲ್ಲ. ಬಿ.ಎಡ್‌. ಸೇರುತ್ತೇನೆ. ನಿನ್ನ ಎಲೆಅಡಿಕೆ ಕಳೆದೆ, ಕ್ಷಮಿಸು.

ಭಾನು


ಹಂದನಕೆರೆ
19-4-1999

ಭಾನು,

ನಿನಗೆ ಬೈಯಲು ನನ್ನ ಹತ್ತಿರ ಇದ್ದ ಮಾತೆಲ್ಲ ಸಾಲದೆ ಭೂತಮ್ಮನ ಹತ್ತಿರ ಕಡ ತಂದುಕೊಂಡೆ. ಇಲ್ಲದ ಹೆಂಗಸಿಗೆ ಬಳೆ ಆರಿಸಲು ಶೆಟ್ಟಿಕೆರೆಯವರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದಿದ್ದೇನೆ ಕಣೇ! ನನ್ನ ಮಂಡಿಯನ್ನು ಕೇಳು, ಅದು ಹೇಳುತ್ತದೆ.

ಹೆಂಗಸರಿಗೆ ಹೇಗೆ ಹೇಳುವುದು? ಭೂತಮ್ಮ ಬಿಡಬೇಕಲ್ಲ, "ಮಾರ್ತಮ್ಮನ ಸುದ್ದಿ ಬಂತಾ ಗೌರಕ್ಕ?" ಅಂದಳು. ಹೇಳಿಬಿಟ್ಟೆ.

"ಮಾರ್ತಮ್ಮ ಅನ್ನೋಳು ಇಲ್ಲ ಕಣ್ರೇ. ಯಾರೋ ಪುಸ್ತಕದಾಗೆ ಬರ್ದಿರೋ ಹೆಂಗ್ಸು. ಏನ್ ನಗ್ತೀರೋ ನಕ್ಬುಡಿ."

ಭೂತಮ್ಮ ಕೈಲಿದ್ದ ಕತ್ತಿ ಕೆಳಗಿಟ್ಟಳು. "ಅದ್ಕೇನೀಗ? ಹೆರಿಗೆ ಆಯ್ತಾ ಇಲ್ವಾ?"

"ಅವಳೇ ಇಲ್ಲ ಅಂದ್ನಲ್ಲೇ!"

"ಇಲ್ದಿದ್ರೆ ಇಲ್ದೆ ಓಗ್ಲಿ ಬುಡು. ಮಗ ಗಂಡೋ ಹೆಣ್ಣೋ, ಅದೇಳು ಮೊದ್ಲು."

ನಾನು ನಾಚಿ ಸಾಯುತ್ತೇನೆ ಅಂದುಕೊಂಡಿದ್ದರೆ, ಇವರಿಗೆ ಅವಳು ಇದ್ದರೇನು ಇಲ್ಲದಿದ್ದರೇನು! ನಿಪ್ಪಟ್ಟಿನಿಂದ ಏನೂ ಆಗಿಲ್ಲ ಅಂತ ಸಿದ್ದಗಂಗಮ್ಮ ಒಬ್ಬಳು ಸಮಾಧಾನದ ಉಸಿರು ಬಿಟ್ಟಳು.

ಈಗ ನನ್ನ ಮಾತು ಕೇಳು. ಎಲೆಕೋಸಿನ ಸಾರು ಪುಸ್ತಕದಲ್ಲಿತ್ತೋ, ನಿಮ್ಮ ಮೆಸ್ಸಿನಲ್ಲೋ? ಕಿಟಕಿಯಲ್ಲಿ ನಿಂತು ದಾರಿ ನೋಡುತ್ತಿದ್ದವಳು ಅವಳೊಬ್ಬಳೇ ಏನು? ನಿಜ ಹೇಳಬೇಡ, ನನಗೆ ಗೊತ್ತಾಯಿತು. ಮಡಿಲಕ್ಕಿ ಯಾರಿಗೆ ಸೇರಬೇಕಿತ್ತೋ ಅವರಿಗೇ ಸೇರಿದೆ. ಅದಕ್ಕೆ ಕ್ಷಮೆ ಕೇಳುವುದು ಬೇಡ.

ಆದರೆ ಅಪ್ಪನನ್ನು ಕಳಿಸುವುದಿಲ್ಲ. ಅವನಿಗೆ ಹೇಳಿಯೂ ಇಲ್ಲ. ಇಲ್ಲಿಂದ ನಿನ್ನನ್ನು ಕರೆಯಲು ಒಂದು ನೊಣವೂ ಬರುವುದಿಲ್ಲ. ಕಟ್ಟಿದ ಬ್ಯಾಗ್ ಬಿಚ್ಚು.

ಬಾಯಿ ಬರುವುದಿಲ್ಲವಂತೆ. ಎರಡು ಕಾಗದದಲ್ಲಿ ನಾಲ್ಕೇ ಸಾಲು ಗೀಚಿ, ಇಲ್ಲದ ಹೆಂಗಸಿಗೆ ಒಂದು ಹಜಾರದ ಜನರಿಂದ ಬಸುರಿ ಬಯಕೆ ಮಾಡಿಸಿದ್ದೀಯ. ತನ್ನ ಸೊಸೆಗೆ ಒಂದು ಉಂಡೆ ಕಟ್ಟಿಕೊಡದ ಭೂತಮ್ಮ ಮಿಠಾಯಿ ಮಾಡಿ ತಂದಳು. ಇಷ್ಟೆಲ್ಲ ಮಾಡಿಸಿದ ನೀನು ನಿಮ್ಮ ಮೇಡಂ ಎದುರು ನಿಂತು ಮಾರ್ತಮ್ಮನ ಸುದ್ದಿ ಹೇಳಲಾರೆಯಾ? ನಮಗೆ ಬರೆದದ್ದನ್ನೇ ಅವರ ಭಾಷೆಯಲ್ಲಿ ಹೇಳು. ತಪ್ಪಾದರೆ ತಪ್ಪು. ಮುಂದೆ ಕೂತವರನ್ನೆಲ್ಲ ಚಿಪ್ಪು ಬಿಡಿಸುವವರು ಅಂದುಕೋ.

ಆ ಬಳೆಯನ್ನು ತೊಟ್ಟುಕೊಂಡು ಹೋಗು. ನೀನು ಅಲ್ಲಿ ಇದ್ದೀಯ ಅಂತ ನಾಲ್ಕು ಜನಕ್ಕೆ ಕೇಳಿಸಲಿ.

ನನ್ನ ಎಲೆಅಡಿಕೆಯ ಯೋಚನೆ ನಿನಗೆ ಬೇಡ. ನಾನು ಗಡದ್ದಾಗಿ ಹಾಕಿಕೊಳ್ಳುತ್ತಿದ್ದೇನೆ.

ನಿನ್ನ ಅಜ್ಜಿ


ಪಾಂಡಿಚೇರಿ
9-5-1999

ಅಜ್ಜಿ,

ಪಾಸು! ಎಲ್ಲ ಪೇಪರೂ ಪಾಸು. ಆಧುನಿಕ ಸಾಹಿತ್ಯದಲ್ಲಿ ಜಾರಿ ಬೀಳದೆ ದಡ ಮುಟ್ಟಿದ್ದೇನೆ, ಅಷ್ಟೆ. ಆದರೂ ಪಾಸು.

28ರ ಕಥೆ ಹೇಳುತ್ತೇನೆ. ನಿನ್ನ ಕಾಗದ ಬಂದ ದಿನ ಬ್ಯಾಗ್ ಬಿಚ್ಚಿದೆ. ಬಳೆ ತೊಟ್ಟು ಹೋದೆ. ಮುಂದೆ ನಿಂತು ಪುಸ್ತಕ ತೆರೆದಾಗ ಬಳೆಗಳೆಲ್ಲ ಗಲಗಲ ಎಂದವು. ಹರಟುತ್ತಿದ್ದವರೆಲ್ಲ ತಟ್ಟನೆ ತಲೆಯೆತ್ತಿದರು. ಇನ್ನು ಮಾತಾಡದೆ ದಾರಿಯಿರಲಿಲ್ಲ. ಬರೆದುಕೊಂಡು ಹೋದದ್ದು ಒಂದೂ ನೆನಪಿಗೆ ಬರಲಿಲ್ಲ. ಆ ಬಳೆ ಎಲ್ಲಿಂದ ಬಂತು ಎಂಬುದನ್ನೇ ಹೇಳಲು ಶುರು ಮಾಡಿದೆ. ನಡುವೆ ಎಷ್ಟು ತಪ್ಪು ಮಾಡಿದೆನೋ. ಭೂತಮ್ಮ "ಒಗ್ಗರಣೆ" ಕೇಳಿದ್ದನ್ನು ಫ್ರೆಂಚಿನಲ್ಲಿ ಹೇಳಲಾಗದೆ, ಗಾಳಿಯಲ್ಲಿ ಸೌಟು ಹಿಡಿದು ಚುಂಯ್ ಎಂದು ತೋರಿಸಿದೆ. ಕ್ಲಾಸೆಲ್ಲ ನಕ್ಕಿತು. ನನಗೂ ನಗು ಬಂತು. ಆಮೇಲೆ ಭಯ ಬಿಟ್ಟಿತು.

ಅವಳು ತೌರಿನವರ ದಾರಿ ನೋಡುತ್ತಾಳೆ ಎಂದದ್ದನ್ನು ಮೇಡಂ ಒಪ್ಪಲಿಲ್ಲ. "ಯಾವ ಪುಟದಲ್ಲಿದೆ, ತೋರಿಸು" ಎಂದರು. ಹುಡುಕಿದೆ, ಇರಲಿಲ್ಲ. ಅವಳಿಗೆ ಅಣ್ಣತಮ್ಮಂದಿರೇ ಇಲ್ಲ ಅಜ್ಜಿ, ಇರುವ ಇಬ್ಬರೂ ತಂಗಿಯರು. ಅದಕ್ಕೆ ಅಂಕ ಕಡಿದರು. ನಾನು ಬಿಡದೆ ವಾದ ಮಾಡಿದ್ದಕ್ಕೆ ಅಷ್ಟೇ ಅಂಕ ವಾಪಸ್ ಕೊಟ್ಟರು. ಮುಗಿದ ಮೇಲೆ ಬಳೆಯನ್ನು ಮುಟ್ಟಿ ನೋಡಿ, ಇದನ್ನು ಕಳಿಸಿದ ಅಜ್ಜಿಯ ವಯಸ್ಸು ಎಷ್ಟು ಎಂದು ಕೇಳಿದರು.

ಆವತ್ತು ಸಂಜೆ ವನಜಾಕ್ಷಿ ಎಂಬ ಹುಡುಗಿ ನನ್ನ ರೂಮಿನ ಬಾಗಿಲು ತಟ್ಟಿದಳು. ವಿಲ್ಲುಪುರದವಳು. ನಾನು ಯಾರ ಜೊತೆಗೂ ಮಾತಾಡದ ಜಂಬಗಾತಿ ಎಂದುಕೊಂಡಿದ್ದಳಂತೆ. "ಆ ಮಿಠಾಯಿ ಉಳಿದಿದೆಯಾ?" ಎಂದಳು. ಭೂತಮ್ಮನದು ಎರಡು ತುಂಡು ಉಳಿದಿತ್ತು. ಈಗ ಅವಳ ಜೊತೆ ಉಣ್ಣುತ್ತೇನೆ. ಇವಳು ಪುಸ್ತಕದವಳಲ್ಲ, ಗೊರಕೆ ಹೊಡೆಯುತ್ತಾಳೆ. ನೀನು ಕೇಳಿದ ಎಲೆಕೋಸು ಪುಸ್ತಕ, ಮೆಸ್ಸು ಎರಡೂ ಕಡೆ ಇತ್ತು.

ಮೇಡಂ ರಜೆಯಲ್ಲಿ ಲೈಬ್ರರಿ ಕೆಲಸಕ್ಕೆ ಸ್ವಲ್ಪ ದಿನ ನಿಲ್ಲಲು ಹೇಳಿದ್ದಾರೆ. ಜೂನ್ ಎರಡನೇ ವಾರ ಬರುತ್ತೇನೆ. ಹೆಂಗಸರಿಗೆ ಹೇಳು, ಕಾದಂಬರಿ ಮುಗಿಯಿತು. ಕೊನೆಯಲ್ಲಿ ಮಾರ್ತ್ ಒಂದು ಚೀಲ ಹಿಡಿದು ಅತ್ತೆ ಮನೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಹೋದಳೋ ಒಳಗೆ ವಾಪಸ್ ಬಂದಳೋ, ಬರೆದಿಲ್ಲ.

ನಿನ್ನ ಭಾನು


ಹಂದನಕೆರೆ
16-5-1999

ಭಾನು,

ಕಾಗದವನ್ನು ನಿನ್ನಪ್ಪನೇ ಅಂಚೆಯವನ ಕೈಯಿಂದ ಕಿತ್ತುಕೊಂಡು ಓದಿದ. ಸೈಕಲ್ ಹತ್ತಿ ಹೋದ. ಬಂದಾಗ ಒಂದು ಕಟ್ಟು ಚಿಗುರು ವೀಳ್ಯದೆಲೆ ತಂದು ನನ್ನ ಮುಂದೆ ಇಟ್ಟ.

"ಹಾಕ್ಕಳವ್ವ. ಒಂದು ತಿಂಗಳಿಂದ ಬಾಯಿ ಬಿಳಿಚ್ಕಂಡು ಕೂತಿದ್ದೀಯ, ನೋಡಕ್ಕಾಗಲ್ಲ."

"ಹಲ್ಲು ನೋವಿತ್ತು ಕಣ್ಲಾ," ಅಂದೆ.

"ನಿನ್ ಬಾಯಾಗೆ ಇರೋದು ನಾಕು ಹಲ್ಲು. ಅದ್ರಾಗೆ ಯಾವುದವ್ವ?"

ನಿನಗೂ ಹೇಳಿರಲಿಲ್ಲ. ಟೆಸ್ಟ್ ಫೇಲು ಅಂತ ನೀನು ಬರೆದ ಕಾಗದ ಬಂದ ದಿನವೇ ನಿಲ್ಲಿಸಿದ್ದೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಒಂದೇ ಸಲ ಬಿಡುವುದು ಕಷ್ಟವಾದೀತು, ಸ್ವಲ್ಪ ರೂಢಿಯಾಗಲಿ ಅಂತ. ಮೊದಲನೇ ಎಲೆ ಬಾಯಿಗೆ ಹಾಕಿಕೊಂಡಾಗ ಕಣ್ಣಲ್ಲಿ ನೀರು ಬಂತು. ಸುಣ್ಣ ಜಾಸ್ತಿಯಾಗಿತ್ತು.

ಎರಡನೇ ವರ್ಷದ ಮಾತು ನಿನ್ನಪ್ಪ ತಾನಾಗಿಯೇ ಎತ್ತಿದ. "ಅವಳಿಗೆ ಹೋಗುವಾಗ ಕೊಬ್ಬರಿ ಜಾಸ್ತಿ ಕಟ್ಟಿಕೊಡು, ಆ ವಿಲ್ಲುಪುರದ ಹುಡುಗೀಗೂ ಆಗಬೇಕಲ್ಲ" ಅಂದ. ಅಲ್ಲಿಗೆ ತಿಳಿದುಕೋ.

ಮೇಡಮ್ಮಿಗೆ ನಾನು ಹೇಳಿದೆ ಅಂತ ಹೇಳು. ಇಬ್ಬರು ತಂಗಿಯರು ಅಂದರೆ ನಾಳೆ ಅವರಿಗೆ ಇಬ್ಬರು ಗಂಡಂದಿರು ಆಗುತ್ತಾರೆ. ಅವರಲ್ಲಿ ಒಬ್ಬ ಕರೆಯಲು ಬರಬಹುದಿತ್ತು. ಅಂಕ ವಾಪಸ್ ಕೇಳು.

ಇನ್ನು ಇಲ್ಲಿಯ ಗಲಾಟೆ. ಮಾರ್ತಮ್ಮ ಚೀಲ ಹಿಡಿದು ಗೇಟಿನಲ್ಲಿ ನಿಂತಳು, ಪುಸ್ತಕ ಮುಗಿಯಿತು ಅಂತ ಓದಿದೆನೋ ಇಲ್ಲವೋ, ಭೂತಮ್ಮ ಎದ್ದು ನಿಂತಳು.

"ತುಂಬಿದ ಬಸುರೀನ ಗೇಟ್ನಾಗೆ ನಿಲ್ಲಿಸ್ಬುಟ್ಟು ಪುಸ್ತಕ ಮುಚ್ಚಿದ್ನಾ ಆ ಮಹಾರಾಯ? ಅವನ ಮನೇಲಿ ಹೆಣ್ಮಕ್ಳಿಲ್ವಾ?"

"ಅಂಗೇ ಬರೀತಾರಂತೆ ಈಗ," ಅಂದೆ.

"ಬರ್ಯಕ್ಕೆ ಬರ್ದಿದ್ರೆ ಸುಮ್ಕಿರ್ಬೇಕಿತ್ತು. ಕೈಲಿ ಚೀಲ ಯಾಕೆ ಕೊಡ್ಬೇಕಿತ್ತು?"

ತೌರಿಗೇ ಹೋದಳು ಅಂತ ಭೂತಮ್ಮ. ಇಲ್ಲ, ಗಂಡನ ಹಡಗು ಬಂತು ಅಂತ ಸಿದ್ದಗಂಗಮ್ಮ. ಇಬ್ಬರೂ ಬೆನ್ನು ತಿರುಗಿಸಿ ಕೂತು ಚಿಪ್ಪು ಬಿಡಿಸುತ್ತಿದ್ದಾರೆ, ಕೊಬ್ಬರಿ ಎಲ್ಲ ಒಡೆದು ಚೂರು. ಅಟ್ಟದ ಕಾಯಿ ಮುಗಿಯುತ್ತ ಬಂತು. ಇನ್ನು ಹತ್ತು ಹನ್ನೆರಡು ದಿನಕ್ಕೆ ಇವರೆಲ್ಲ ಅವರವರ ಹೊಲದ ಕೆಲಸಕ್ಕೆ ಹೋಗುತ್ತಾರೆ. ನೀನು ಬರುವವರೆಗೆ ಕಾಯಲಾಗುವುದಿಲ್ಲ.

ಆದ್ದರಿಂದ ಅವಳನ್ನು ಗೇಟಿನಿಂದ ಆಚೆ ದಾಟಿಸುವ ಕೆಲಸ ನಿನ್ನದು. ಬ್ಯಾಗ್ ಕಟ್ಟುವುದೂ ನಿನಗೆ ಗೊತ್ತು, ಬಿಚ್ಚುವುದೂ ಗೊತ್ತು. ಅವಳು ಎಲ್ಲಿಗೆ ಹೋದಳು, ಏನು ಉಂಡಳು, ಗಂಡೋ ಹೆಣ್ಣೋ, ಎಲ್ಲ ಬರೆ. ನಿಮ್ಮ ಮೇಡಂ ಪುಟ ಕೇಳಿದರೆ ಹಂದನಕೆರೆಯಲ್ಲಿದೆ ಅನ್ನು. ಕಾರ್ಡಿನಲ್ಲಿ ಮುಗಿಸುವ ಸೋಮಾರಿತನ ಬೇಡ, ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಒಳಗೂ ಹೊರಗೂ ತುಂಬಿಸು. ಜೂನ್ ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ,
ಚಿಕ್ಕಗೌರಮ್ಮ